ಭಯದ ಬೆನ್ನು ಹತ್ತಿದ ವಿಜ್ಞಾನಿ: ವಾಲ್ಟರ್ ಕ್ಯಾನನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ಗಡಿನಾಡಿನಲ್ಲಿ ಕನ್ನಡದ ಸ್ಥಿತಿಗತಿಯ ಬಗೆಗೋ ಶಾಲೆಯ ಹಳೆಯ ದಿನಗಳ ಬಗೆಗೋ ನಾನು ಬರೆದೇನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಸಮರ್ಥರಾದವರು ಈ ಸಂಚಿಕೆಯಲ್ಲಿ ನಿರ್ವಹಿಸುವರೆಂಬ ಭರವಸೆಯಿಂದ ನಾನು ಬೇರೊಂದು ದಾರಿಯನ್ನು ಹಿಡಿದಿದ್ದೇನೆ. ದೂರದ ದೇಶದಲ್ಲಿ ಹುಟ್ಟಿ, ಬದುಕಿ, ನಾವೆಲ್ಲ ಹುಟ್ಟುವ ಮೊದಲೇ ಗತಿಸಿದ ವಿಜ್ಞಾನಿಯೊಬ್ಬರ ಜೀವನವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ. ಇದಕ್ಕೆ ಕಾರಣವಿಲ್ಲದಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ತರಗತಿಯಲ್ಲಿಯೂ ಪರೀಕ್ಷಾ ಕೊಠಡಿಯಲ್ಲಿಯೂ ಮಕ್ಕಳ ಮುಖ ನೋಡುತ್ತ ಕಳೆದವನು ನಾನು. ಪ್ರಶ್ನಪತ್ರಿಕೆ ಹಂಚುವ ಮೊದಲಿನ ಐದು ನಿಮಿಷಗಳಲ್ಲಿ ಬಾಯಿ ಒಣಗಿ ನೀರು ಕೇಳುವ ಮಕ್ಕಳು, ಅಂಗೈ ಬೆವರಿ ಉತ್ತರದ ಹಾಳೆಯನ್ನೇ ಒದ್ದೆ ಮಾಡಿಕೊಳ್ಳುವ ಮಕ್ಕಳು, ಬೆಳಗ್ಗೆ ತಿಂದ ದೋಸೆ ಕರಗದೆ ವರಾಂಡದ ಮೂಲೆಯಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳು ಪ್ರತಿವರ್ಷವೂ ಇದ್ದೇ ಇರುತ್ತಿದ್ದರು. ನಿವೃತ್ತನಾದ ಬಳಿಕ ಸಕ್ಕರೆ ಕಾಯಿಲೆ ನನಗೂ ಜೊತೆಗಾರನಾಗಿ ಬಂದಿತು. ಮದುವೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವವರ ಸಂಖ್ಯೆ ನಮ್ಮೂರುಗಳಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆಯೆಂದು ಅಂದಾಜಿಸಿತು. ನಾವಿರುವ ಕೇರಳವು ಆ ಪಟ್ಟಿಯ ಮುಂಚೂಣಿಯ ರಾಜ್ಯಗಳಲ್ಲೊಂದು.

ಪರೀಕ್ಷೆಯ ಭಯಕ್ಕೂ ದೇಹದ ಸಕ್ಕರೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ ಎಂದು ಪ್ರಯೋಗಗಳಿಂದ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ವಾಲ್ಟರ್ ಬ್ರಾಡ್‌ಫರ್ಡ್ ಕ್ಯಾನನ್. ನಾನು ವಿಜ್ಞಾನಿಯಲ್ಲ, ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಅಧ್ಯಾಪನಕ್ಕೆ ಬಂದವನು. ಓದಿ ತಿಳಿದಷ್ಟನ್ನು, ತಿಳಿದಂತೆ ಹೇಳುತ್ತೇನೆ.

ರೈಲ್ವೆ ಕಚೇರಿಯಿಂದ ಹಾರ್ವರ್ಡಿಗೆ

ಕ್ಯಾನನ್ ಅವರ ಜನನ 1871ರ ಅಕ್ಟೋಬರ್ 19ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ ಪ್ರೇರಿ ದು ಶೀನ್ ಎಂಬ ಊರಿನಲ್ಲಿ. ತಂದೆ ರೈಲ್ವೆಯ ನೌಕರರು. ಬಾಲಕನಿಗೆ ಹತ್ತು ವರ್ಷವಾಗುವಷ್ಟರಲ್ಲಿ ತಾಯಿ ನ್ಯುಮೋನಿಯಾದಿಂದ ತೀರಿಕೊಂಡರು. ಹದಿನಾಲ್ಕನೆಯ ವಯಸ್ಸಿನಲ್ಲಿ ಇನ್ನೊಂದು ಪೆಟ್ಟು ಬಿದ್ದಿತು. ಮಗನಿಗೆ ಓದಿನಲ್ಲಿ ಶ್ರದ್ಧೆ ಸಾಲದೆಂದು ಬಗೆದ ತಂದೆ ಅವನನ್ನು ಶಾಲೆಯಿಂದ ಬಿಡಿಸಿ ರೈಲ್ವೆ ಕಚೇರಿಯೊಂದರ ಕೆಲಸಕ್ಕೆ ಹಚ್ಚಿದರು. ಎರಡು ವರ್ಷ ಅಲ್ಲಿಯೇ ಕಳೆಯಿತು. ನಮ್ಮ ಗಡಿನಾಡಿನಲ್ಲಿಯೂ ಹಾಗೆ ಎಂಟನೆಯ ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟು ಅಂಗಡಿಗೋ ಹೋಟೆಲಿಗೋ ತೋಟಕ್ಕೋ ಸೇರಿದ ಹುಡುಗರನ್ನು ನಾನು ಎಷ್ಟೋ ಕಂಡಿದ್ದೇನೆ. ಅವರಲ್ಲಿ ಮರಳಿ ಬಂದವರು ಬಹಳ ಕಡಿಮೆ. ವಾಲ್ಟರ್ ಮರಳಿ ಬಂದನು.

ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದ ಪ್ರೌಢಶಾಲೆಯನ್ನು ಸೇರಿ, ಕಳೆದುಹೋದ ಕಾಲವನ್ನು ತುಂಬಿಕೊಳ್ಳುವವನಂತೆ ಅಲ್ಲಿನ ಅಭ್ಯಾಸವನ್ನು ಮೂರೇ ವರ್ಷಗಳಲ್ಲಿ ಮುಗಿಸಿದನು. ಆ ಶಾಲೆಯಲ್ಲಿ ಮೇರಿ ಜೆನೆಟ್ ನ್ಯೂಸನ್ ಎಂಬ ಅಧ್ಯಾಪಿಕೆಯಿದ್ದರು. ಊರ ಸಮೀಪದ ಕಾಲೇಜಿನಲ್ಲಿ ತೃಪ್ತನಾಗಬಹುದಾಗಿದ್ದ ಈ ಹುಡುಗನನ್ನು ದೂರದ ಹಾರ್ವರ್ಡ್ ವಿಶ್ವವಿದ್ಯಾನಿಲಯದತ್ತ ತಿರುಗಿಸಿದವರು ಅವರೇ. ವಿಜ್ಞಾನದ ಇತಿಹಾಸಗಳಲ್ಲಿ ಆ ಅಧ್ಯಾಪಿಕೆಯ ಹೆಸರು ಒಂದು ಸಾಲಿಗಿಂತ ಹೆಚ್ಚು ಬರುವುದಿಲ್ಲ. ಆದರೆ ಆ ಒಂದು ಸಾಲು ಇಲ್ಲದಿದ್ದರೆ ಮುಂದಿನ ಪುಟಗಳೂ ಇರುತ್ತಿರಲಿಲ್ಲ ಎಂಬುದನ್ನು ಅಧ್ಯಾಪಕ ವೃತ್ತಿಯವರು ಮರೆಯಬಾರದು.

1892ರಲ್ಲಿ ಹಾರ್ವರ್ಡನ್ನು ಸೇರಿದ ವಾಲ್ಟರ್, ವಿದ್ಯಾರ್ಥಿವೇತನದ ಜೊತೆಗೆ ಅಲ್ಲಿ ಇಲ್ಲಿ ದುಡಿದು ಖರ್ಚು ನಿಭಾಯಿಸುತ್ತ 1896ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದು, ಅದೇ ವರ್ಷ ಅಲ್ಲಿನ ವೈದ್ಯಕೀಯ ವಿದ್ಯಾಲಯವನ್ನು ಪ್ರವೇಶಿಸಿದನು.

ಹೆಬ್ಬಾತು, ಬೆಕ್ಕು ಮತ್ತು ಕ್ಷ-ಕಿರಣ

ಜರ್ಮನಿಯ ರಂಟ್‌ಜನ್ ಅವರು ಕ್ಷ-ಕಿರಣಗಳನ್ನು ಕಂಡುಹಿಡಿದು ಆಗಿನ್ನೂ ಒಂದು ವರ್ಷವಾಗಿತ್ತಷ್ಟೆ. ಮುರಿದ ಮೂಳೆಯನ್ನೂ ಮೈಯೊಳಗಿನ ಗುಂಡನ್ನೂ ನೋಡಲು ವೈದ್ಯರು ಅದನ್ನು ಬಳಸತೊಡಗಿದ್ದರು. ಹಾರ್ವರ್ಡಿನ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕ ಹೆನ್ರಿ ಬೌಡಿಚ್ ಅವರಿಗೆ ಬೇರೊಂದು ಯೋಚನೆ ಹೊಳೆಯಿತು. ಬದುಕಿರುವ ಪ್ರಾಣಿಯು ಆಹಾರವನ್ನು ನುಂಗುವಾಗ ಒಳಗೆ ನಡೆಯುವುದನ್ನು ಈ ಕಿರಣಗಳಿಂದ ಕಾಣಬಹುದಲ್ಲವೆ? ಇಬ್ಬರು ವಿದ್ಯಾರ್ಥಿಗಳಾದ ಕ್ಯಾನನ್ ಮತ್ತು ಆಲ್ಬರ್ಟ್ ಮೋಸರ್ ಅವರಿಗೆ ಆ ಕೆಲಸವನ್ನು ವಹಿಸಿದರು. 1896ರ ಡಿಸೆಂಬರಿನಲ್ಲಿ ನಾಯಿಯೊಂದು ನುಂಗಿದ ಮುತ್ತಿನ ಗುಂಡಿಯು ಗಂಟಲಿನಿಂದ ಕೆಳಗಿಳಿಯುವುದನ್ನು ಅವರು ಕಂಡರು. ಅದೇ ತಿಂಗಳ ಕೊನೆಯಲ್ಲಿ ಉದ್ದ ಕತ್ತಿನ ಹೆಬ್ಬಾತೊಂದನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ ಅದು ಆಹಾರ ನುಂಗುವುದನ್ನು ವಿದ್ವಾಂಸರ ಸಭೆಗೆ ತೋರಿಸಿದರು. ಆಹಾರವು ನೆರಳಾಗಿ ಕಾಣಲೆಂದು ಅದರೊಡನೆ ಬಿಸ್ಮತ್ ಲವಣವನ್ನು ಬೆರೆಸುತ್ತಿದ್ದರು. ಹೊಟ್ಟೆಯ ಪರೀಕ್ಷೆಗಾಗಿ ಬೇರಿಯಂ ಕುಡಿಸಿ ಕ್ಷ-ಕಿರಣ ಚಿತ್ರ ತೆಗೆಯುವ ಪದ್ಧತಿಯು ಈ ಪ್ರಯೋಗಗಳ ಮುಂದುವರಿಕೆಯೇ ಆಗಿದೆ.

ಬೆಕ್ಕುಗಳ ಜಠರದ ಚಲನೆಯನ್ನು ಪರದೆಯ ಮೇಲೆ ಗಂಟೆಗಟ್ಟಲೆ ನೋಡುತ್ತಿದ್ದಾಗ ಕ್ಯಾನನ್ ಅವರನ್ನು ಕಾಡಿದ ಸಂಗತಿ ಇದು: ಜಠರದ ಗೋಡೆಯಲ್ಲಿ ಕ್ರಮವಾಗಿ ಸಾಗುವ ಅಲೆಗಳು ಕೆಲವೊಮ್ಮೆ ಏಕಾಏಕಿ ನಿಂತುಹೋಗುತ್ತಿದ್ದವು. ಗಮನಿಸಿ ನೋಡಿದಾಗ ಬೆಕ್ಕು ಗಾಬರಿಗೊಂಡಾಗ ಇಲ್ಲವೆ ಸಿಟ್ಟುಗೊಂಡಾಗ ಹಾಗಾಗುತ್ತಿದ್ದುದು ಕಂಡುಬಂದಿತು. ಮೈ ಸವರಿ ಸಮಾಧಾನಪಡಿಸಿದರೆ ಅಲೆಗಳು ಮತ್ತೆ ಆರಂಭವಾಗುತ್ತಿದ್ದವು. ಬೇರೆಯವರಾಗಿದ್ದರೆ ಇದನ್ನು ಪ್ರಯೋಗಕ್ಕೆ ಬಂದ ಅಡ್ಡಿಯೆಂದು ಬಿಟ್ಟುಬಿಡುತ್ತಿದ್ದರೇನೊ. ಕ್ಯಾನನ್ ಅವರು ಬಿಡಲಿಲ್ಲ. ಮನಸ್ಸಿನ ಕಳವಳವು ಹೊಟ್ಟೆಯ ಮಾಂಸವನ್ನು ಮುಟ್ಟಬಲ್ಲುದಾದರೆ ಮೈಯ ಇನ್ನಾವ ಭಾಗವನ್ನು ಮುಟ್ಟಲಾರದು? ಮುಂದಿನ ಐವತ್ತು ವರ್ಷಗಳ ಅವರ ಅನ್ವೇಷಣೆಗೆ ಇದೇ ಬೀಜವಾಯಿತು. ಪರೀಕ್ಷೆಯ ದಿನ ನಮ್ಮ ಮಕ್ಕಳು ತಿಂದುದು ಕರಗದೆ ಉಳಿಯುವ ರಹಸ್ಯವೂ ಇಲ್ಲಿಯೇ ಇದೆ.

ವಿದ್ಯಾರ್ಥಿ ದೆಸೆಯಲ್ಲಿಯೇ ಅವರು ಬೋಧನಕ್ರಮದ ಬಗೆಗೂ ಯೋಚಿಸಿದರು. ಕೊಠಡಿಯ ಸಂಗಾತಿಯೊಬ್ಬ ಕಾನೂನು ಕಲಿಯುತ್ತಿದ್ದನು. ಅವನ ತರಗತಿಗಳಲ್ಲಿ ನಿಜವಾಗಿ ನಡೆದ ಮೊಕದ್ದಮೆಗಳನ್ನೆತ್ತಿಕೊಂಡು ಚರ್ಚಿಸುವ ರೂಢಿಯಿತ್ತು. ಗಂಟೆಗಟ್ಟಲೆ ಉಪನ್ಯಾಸ ಕೇಳಿ ಬೇಸತ್ತಿದ್ದ ಕ್ಯಾನನ್ ಅವರು ವೈದ್ಯ ವಿದ್ಯಾರ್ಥಿಗಳಿಗೂ ನಿಜವಾದ ರೋಗಿಗಳ ವೃತ್ತಾಂತವನ್ನು ಮುಂದಿಟ್ಟು ಚರ್ಚೆಯ ಮೂಲಕ ಕಲಿಸಬೇಕೆಂದು 1900ರಲ್ಲಿ ಲೇಖನ ಬರೆದರು. ಆ ಪದ್ಧತಿಯು ಕ್ರಮೇಣ ಹರಡಿತು.

1900ರಲ್ಲಿ ವೈದ್ಯ ಪದವಿ ದೊರೆಯಿತು. 1901ರಲ್ಲಿ ಸೇಂಟ್ ಪಾಲಿನ ಕೊರ್ನೀಲಿಯಾ ಜೇಮ್ಸ್ ಅವರೊಡನೆ ವಿವಾಹವಾಯಿತು. ನವದಂಪತಿಗಳು ಆ ಬೇಸಗೆಯಲ್ಲಿ ಮೊಂಟಾನ ಪ್ರದೇಶದ ಪರ್ವತವೊಂದರ ತುದಿಯನ್ನು ಏರಿದರು. ಮುಂದೆ ಆ ಪರ್ವತಕ್ಕೆ ಕ್ಯಾನನ್ ಎಂಬ ಹೆಸರೇ ನಿಂತಿತು. ಕೊರ್ನೀಲಿಯಾ ಮುಂದೆ ಕಾದಂಬರಿಕಾರ್ತಿಯಾಗಿ ಪ್ರಸಿದ್ಧರಾದರು. ಈ ದಂಪತಿಗಳಿಗೆ ಒಬ್ಬ ಮಗ, ನಾಲ್ವರು ಹೆಣ್ಣುಮಕ್ಕಳು. 1906ರಲ್ಲಿ ಗುರುಗಳಾದ ಬೌಡಿಚ್ ಅವರ ಸ್ಥಾನಕ್ಕೆ ಪ್ರಾಧ್ಯಾಪಕರಾಗಿ ನೇಮಕಗೊಂಡ ಕ್ಯಾನನ್ ಅವರು 1942ರವರೆಗೆ, ಮೂವತ್ತಾರು ವರ್ಷ, ಅದೇ ಪೀಠದಲ್ಲಿದ್ದರು.

ಭಯದಿಂದ ಸುರಿದ ಸಕ್ಕರೆ

ಮುಂದಿನ ಪ್ರಯೋಗಗಳನ್ನು ತಿಳಿಯಲು ಮೈಯೊಳಗಿನ ಎರಡು ಅಂಗಗಳ ಪರಿಚಯ ಅಗತ್ಯ. ಒಂದು, ಪಿತ್ತಜನಕಾಂಗ. ನಮ್ಮ ಹಿರಿಯರು ಪತ್ತಾಯದಲ್ಲಿ ಭತ್ತವನ್ನು ಕೂಡಿಟ್ಟಂತೆ ಇದು ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಫ್ರಾನ್ಸಿನ ಮಹಾವಿಜ್ಞಾನಿ ಕ್ಲಾಡ್ ಬರ್ನಾರ್ ಇದನ್ನು 1850ರ ದಶಕದಲ್ಲಿ ಕಂಡುಹಿಡಿದಿದ್ದರು. ಇನ್ನೊಂದು, ಅಡ್ರಿನಲ್ ಗ್ರಂಥಿಗಳು. ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಮುಟ್ಟಾಳೆಯಿಟ್ಟಂತೆ ಕುಳಿತಿರುವ ಈ ಪುಟ್ಟ ಗ್ರಂಥಿಗಳ ಒಳಭಾಗದಿಂದ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಬರುತ್ತದೆ.

1911ರಲ್ಲಿ ಕ್ಯಾನನ್ ಮತ್ತು ಅವರ ಸಹೋದ್ಯೋಗಿ ದೆ ಲಾ ಪಾಸ್ ಅವರು ಶಾಂತವಾಗಿದ್ದ ಬೆಕ್ಕಿನ ರಕ್ತವನ್ನು ಅಡ್ರಿನಲ್ ಗ್ರಂಥಿಯ ರಕ್ತನಾಳ ಬಂದು ಸೇರುವ ಎಡೆಯಿಂದ ಸ್ವಲ್ಪ ತೆಗೆದರು. ಬಳಿಕ ಬೊಗಳುವ ನಾಯಿಯನ್ನು ಅದರ ಹತ್ತಿರ ತಂದು, ಬೆಕ್ಕು ಬೆದರಿದ ಮೇಲೆ ಅದೇ ಎಡೆಯಿಂದ ಮತ್ತೆ ರಕ್ತ ತೆಗೆದರು. ತಾಳಬದ್ಧವಾಗಿ ಕುಗ್ಗುತ್ತ ಹಿಗ್ಗುತ್ತ ಇದ್ದ ಕರುಳಿನ ಸ್ನಾಯುವಿನ ಚೂರನ್ನು ಈ ರಕ್ತಗಳಲ್ಲಿ ಇಳಿಬಿಟ್ಟಾಗ, ಶಾಂತ ಸ್ಥಿತಿಯ ರಕ್ತದಲ್ಲಿ ಅದು ಹಾಗೆಯೇ ಮಿಡಿಯುತ್ತಿತ್ತು. ಭಯಗೊಂಡ ರಕ್ತದಲ್ಲಿ ಮಿಡಿತ ನಿಂತು ಸಡಿಲವಾಯಿತು. ಅದು ಅಡ್ರಿನಲಿನ್ ಮಾಡುವ ಕೆಲಸವೇ ಆಗಿತ್ತು.

ಕಟ್ಟಿಹಾಕಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಬರುವುದನ್ನು ಜರ್ಮನಿಯ ಸಂಶೋಧಕರು 1878ರಲ್ಲಿಯೇ ಗಮನಿಸಿದ್ದರು. ಕಾರಣವು ಭಯವೆಂಬುದನ್ನು ಕ್ಯಾನನ್ ಅವರ ಬಳಗ ಸ್ಪಷ್ಟಪಡಿಸಿತು. ನೋವಿಲ್ಲದಂತೆ ಕಟ್ಟಿದಾಗಲೂ, ಬೋನಿನಲ್ಲಿಟ್ಟು ನಾಯಿಯನ್ನು ಹತ್ತಿರ ಬಿಟ್ಟಾಗಲೂ ಬೆದರಿದ ಬೆಕ್ಕಿನ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಅಡ್ರಿನಲ್ ಗ್ರಂಥಿಗಳನ್ನು ತೆಗೆದ ಬೆಕ್ಕುಗಳಲ್ಲಿ ಅದು ಕಾಣಿಸಲಿಲ್ಲ.

ಮನುಷ್ಯರ ಪಾಡೇನು? ಇಲ್ಲಿ ನಮ್ಮ ಶಾಲಾ ಬಳಗಕ್ಕೆ ಹತ್ತಿರವಾದ ಭಾಗ ಬರುತ್ತದೆ. ಒಂಬತ್ತು ಮಂದಿ ವೈದ್ಯ ವಿದ್ಯಾರ್ಥಿಗಳ ಮೂತ್ರವನ್ನು ಪರೀಕ್ಷಿಸಲಾಯಿತು. ಸಾಮಾನ್ಯ ದಿನಗಳಲ್ಲಿ ಅವರಾರಲ್ಲಿಯೂ ಸಕ್ಕರೆಯಿರಲಿಲ್ಲ. ಕಠಿಣವಾದ ಪರೀಕ್ಷೆ ಬರೆದ ಮೇಲೆ ನಾಲ್ವರಲ್ಲಿ ಸಕ್ಕರೆ ಕಂಡಿತು. ಸುಲಭವಾದ ಪರೀಕ್ಷೆಯ ಮೇಲೆ ಒಬ್ಬನಲ್ಲಿ ಮಾತ್ರ. ಮುಂದೆ 1913ರಲ್ಲಿ ಕ್ಯಾನನ್ ಅವರು ಹಾರ್ವರ್ಡಿನ ಫುಟ್ಬಾಲ್ ತಂಡವನ್ನು ಪರೀಕ್ಷಿಸಿದರು. ಅಮೆರಿಕದ ಫುಟ್ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಮೈಗೆ ಮೈ ತಾಗಿಸಿ ನುಗ್ಗುವ ಒರಟಾದ ಆಟ. ವರ್ಷದ ಕೊನೆಯ ಮಹತ್ವದ ಪಂದ್ಯದ ಬಳಿಕ 25 ಮಂದಿಯಲ್ಲಿ 12 ಮಂದಿಯ ಮೂತ್ರದಲ್ಲಿ ಸಕ್ಕರೆ ದೊರೆಯಿತು. ಆ 12 ಮಂದಿಯಲ್ಲಿ ಐವರು ಕಣಕ್ಕೆ ಇಳಿದೇ ಇರಲಿಲ್ಲ. ಕರೆ ಬಂದೀತೆಂದು ಬೆಂಚಿನ ಮೇಲೆ ಕುಳಿತು ಕಾಯುತ್ತಿದ್ದ ಬದಲಿ ಆಟಗಾರರು ಅವರು. ಉದ್ವೇಗದಿಂದ ಪಂದ್ಯ ನೋಡುತ್ತಿದ್ದ ಪ್ರೇಕ್ಷಕನೊಬ್ಬನಲ್ಲಿಯೂ ಸಕ್ಕರೆ ಕಂಡು, ಮರುದಿನ ಮಾಯವಾಗಿತ್ತು. ಸಕ್ಕರೆಯನ್ನು ಹೊರಡಿಸಿದ್ದು ಆಟದ ದಣಿವಲ್ಲ, ಮನಸ್ಸಿನ ಉದ್ವೇಗ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇರೆ ಬೇಕಾಗಿಲ್ಲ.

ಇಲ್ಲಿ ಓದುಗರು ಒಂದು ಮಾತನ್ನು ತಪ್ಪು ತಿಳಿಯಬಾರದು. ಆ ವಿದ್ಯಾರ್ಥಿಗಳಿಗೂ ಆಟಗಾರರಿಗೂ ಬಂದುದು ಸಕ್ಕರೆ ಕಾಯಿಲೆಯಲ್ಲ. ಅದು ತಾನಾಗಿ ಬಂದು ತಾನಾಗಿ ಹೋದ ಏರಿಕೆ. ಮೈ ಏಕೆ ಹಾಗೆ ಮಾಡುತ್ತದೆ ಎಂಬುದೇ ಕ್ಯಾನನ್ ಅವರ ಮುಂದಿನ ಪ್ರಶ್ನೆಯಾಯಿತು. 1915ರಲ್ಲಿ ಪ್ರಕಟವಾದ ಅವರ ಗ್ರಂಥವು ನೋವು, ಹಸಿವು, ಭಯ, ಕ್ರೋಧಗಳು ಮೈಯಲ್ಲಿ ಉಂಟುಮಾಡುವ ಬದಲಾವಣೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿತು. ಕಾಡಿನಲ್ಲಿ ಅಪಾಯ ಎದುರಾದ ಪ್ರಾಣಿಗೆ ಎರಡೇ ದಾರಿ: ಹೋರಾಡಬೇಕು ಇಲ್ಲವೆ ಓಡಬೇಕು. ಎರಡಕ್ಕೂ ಸ್ನಾಯುಗಳಿಗೆ ಶಕ್ತಿ ಬೇಕು. ಆದುದರಿಂದ ಅಡ್ರಿನಲಿನ್ ಪಿತ್ತಜನಕಾಂಗದ ಪತ್ತಾಯವನ್ನು ತೆರೆದು ಸಕ್ಕರೆಯನ್ನು ರಕ್ತಕ್ಕೆ ಸುರಿಸುತ್ತದೆ. ಎದೆ ವೇಗವಾಗಿ ಬಡಿಯುತ್ತದೆ. ರಕ್ತವು ಹೊಟ್ಟೆ ಕರುಳುಗಳಿಂದ ಕೈಕಾಲುಗಳ ಕಡೆಗೆ ಹರಿಯುತ್ತದೆ. ಗಾಯವಾದರೆ ರಕ್ತವು ಬೇಗನೆ ಹೆಪ್ಪುಗಟ್ಟುತ್ತದೆ. ಜೀರ್ಣಕ್ರಿಯೆ, ಬಾಯಿಯ ಜೊಲ್ಲು ಮುಂತಾದ ನಿಧಾನದ ಕೆಲಸಗಳು ತಾತ್ಕಾಲಿಕವಾಗಿ ನಿಲ್ಲುತ್ತವೆ. ಮೇಲುನೋಟಕ್ಕೆ ದೌರ್ಬಲ್ಯದಂತೆ ತೋರುವ ಭಯದ ಲಕ್ಷಣಗಳೆಲ್ಲ ವಾಸ್ತವವಾಗಿ ಪ್ರಾಣರಕ್ಷಣೆಯ ಸಿದ್ಧತೆಗಳು.

ಈ ವಾದವನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. ಕ್ಲೀವ್‌ಲೆಂಡಿನ ಸ್ಟುವರ್ಟ್ ಮತ್ತು ರೊಗಾಫ್ ಎಂಬ ಸಂಶೋಧಕರು, ಅಡ್ರಿನಲಿನ್ ಸ್ರಾವವು ಭಯದಿಂದ ಹೆಚ್ಚುವುದೇ ಇಲ್ಲವೆಂದು ವರ್ಷಗಟ್ಟಲೆ ವಾದಿಸಿದರು. ಕ್ಯಾನನ್ ಅವರು ಕೋಪಿಸಿಕೊಂಡು ಸುಮ್ಮನಾಗದೆ ಹೊಸ ಪ್ರಯೋಗವನ್ನು ಹೂಡಿದರು. ನರಗಳ ಸಂಬಂಧವನ್ನೆಲ್ಲ ಕಡಿದುಹಾಕಿದ ಹೃದಯವು ಪ್ರಾಣಿ ಬೆದರಿದಾಗ ವೇಗವಾಗಿ ಬಡಿದರೆ, ಆ ಸಂದೇಶವು ರಕ್ತದ ಮೂಲಕವೇ ಬಂದಿರಬೇಕಲ್ಲವೆ? ಅದು ಹಾಗೆಯೇ ಬಡಿಯಿತು. ಅಡ್ರಿನಲ್ ಗ್ರಂಥಿಗಳ ಸ್ರಾವವನ್ನು ತಡೆದಾಗ ಆ ವೇಗ ಬಹುಮಟ್ಟಿಗೆ ಇಲ್ಲವಾಯಿತು.

ಪ್ರಾಣಿಗಳನ್ನು ಹೀಗೆ ಪ್ರಯೋಗಕ್ಕೆ ಒಡ್ಡುವುದು ನ್ಯಾಯವೆ ಎಂಬ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಏಳುವುದು ಸಹಜ. ಅಂದಿನ ಅಮೆರಿಕದಲ್ಲಿಯೂ ಅದು ಎದ್ದಿತ್ತು. ಪ್ರಾಣಿಪ್ರಯೋಗವನ್ನು ನಿಷೇಧಿಸಬೇಕೆಂಬ ಚಳವಳಿಯ ಎದುರು 1908ರಿಂದ 1926ರವರೆಗೆ ವೈದ್ಯಕೀಯ ಸಂಶೋಧನೆಯ ಪರವಾಗಿ ನಿಂತವರು ಕ್ಯಾನನ್. ಆದರೆ ವಾದಿಸಿ ಬಿಡಲಿಲ್ಲ. ಪ್ರಯೋಗಾಲಯದ ಪ್ರಾಣಿಗಳಿಗೆ ಶುಚಿಯಾದ ವಸತಿ, ದಯೆಯ ಆರೈಕೆ, ನೋವಾಗುವ ಕಡೆ ಅರಿವಳಿಕೆ ಇರಲೇಬೇಕೆಂಬ ನಿಯಮಾವಳಿಯನ್ನು ರೂಪಿಸಿ ಪ್ರಯೋಗಾಲಯಗಳಲ್ಲಿ ಜಾರಿಗೆ ತರಲು ಶ್ರಮಿಸಿದರು.

ರಣರಂಗದಲ್ಲಿ

1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ನಲವತ್ತೈದು ದಾಟಿದ್ದ ಕ್ಯಾನನ್ ಅವರು ಹಾರ್ವರ್ಡಿನ ಆಸ್ಪತ್ರೆ ತಂಡದೊಡನೆ ಫ್ರಾನ್ಸಿಗೆ ತೆರಳಿದರು. ಗಾಯ ಅಷ್ಟೇನೂ ದೊಡ್ಡದಲ್ಲದಿದ್ದರೂ ಮುಖ ಬಿಳಿಚಿ, ಮೈ ತಣ್ಣಗಾಗಿ, ನಾಡಿ ಕುಸಿದು ಸಾಯುತ್ತಿದ್ದ ಸೈನಿಕರು ಅಲ್ಲಿ ಸಾವಿರಾರು. ವೈದ್ಯರು ಅದನ್ನು ಆಘಾತ ಸ್ಥಿತಿ ಎನ್ನುತ್ತಿದ್ದರು. ಬೆತ್ಯೂನ್ ಎಂಬಲ್ಲಿನ ರಣರಂಗದ ಆಸ್ಪತ್ರೆಯಲ್ಲಿ ಕ್ಯಾನನ್ ಅವರು ಅದರ ಕಾರಣವನ್ನು ಹುಡುಕಿದರು. ಮೊದಲು, ರಕ್ತದಲ್ಲಿ ಆಮ್ಲ ಹೆಚ್ಚುವುದೇ ಕಾರಣವೆಂದು ಭಾವಿಸಿ ಸೋಡಾ ದ್ರಾವಣವನ್ನು ಕೊಡಿಸಿ ನೋಡಿದರು. ಬಳಿಕ ಸಾಕ್ಷ್ಯಗಳು ಬೇರೆ ದಾರಿ ತೋರಿದಾಗ, ಆಮ್ಲವು ಕಾರಣವಲ್ಲ, ಪರಿಣಾಮವೆಂದು ಒಪ್ಪಿಕೊಂಡರು. ಗಾಯಾಳುವನ್ನು ಬೆಚ್ಚಗಿಡುವುದರ, ರಕ್ತಸ್ರಾವವನ್ನು ಬೇಗನೆ ತಡೆಯುವುದರ ಮಹತ್ವವನ್ನು ಅವರ ಬಳಗ ಎತ್ತಿ ಹೇಳಿತು. 1923ರಲ್ಲಿ ಈ ಅನುಭವಗಳು ಗ್ರಂಥರೂಪದಲ್ಲಿ ಹೊರಬಂದವು.

ದೇಹದ ವಿವೇಕ

ಯುದ್ಧಾನಂತರ ಅವರ ಚಿಂತನೆಯು ಇನ್ನೂ ವಿಶಾಲವಾಯಿತು. ಹೊರಗೆ ಸುಡುಬಿಸಿಲಿದ್ದರೂ ಜಡಿಮಳೆಯಿದ್ದರೂ ನಮ್ಮ ಮೈಯ ಉಷ್ಣತೆ ಹೆಚ್ಚು ಕಡಿಮೆ ಒಂದೇ. ಹಬ್ಬದೂಟ ಮಾಡಿದರೂ ಏಕಾದಶಿಯ ಉಪವಾಸ ಮಾಡಿದರೂ ಆರೋಗ್ಯವಂತನ ರಕ್ತದ ಸಕ್ಕರೆ ಒಂದು ಮಿತಿಯೊಳಗೇ ಇರುತ್ತದೆ. ಬರಿಹೊಟ್ಟೆಯಲ್ಲಿ ನೂರು ಮಿಲಿಲೀಟರ್ ರಕ್ತಕ್ಕೆ ಸುಮಾರು 70ರಿಂದ 100 ಮಿಲಿಗ್ರಾಂ. ಸುಮಾರು 180 ದಾಟಿದರೆ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ತೀರಾ ಕುಸಿದರೆ ಪ್ರಜ್ಞೆ ತಪ್ಪುತ್ತದೆ. ಏರಿದಾಗ ಇಳಿಸಲು ಇನ್ಸುಲಿನ್, ಇಳಿದಾಗ ಏರಿಸಲು ಅಡ್ರಿನಲಿನ್ ಮುಂತಾದವು. ತಕ್ಕಡಿಯ ಎರಡು ತಟ್ಟೆಗಳನ್ನು ಯಾರೋ ಎಚ್ಚರದಿಂದ ಸರಿದೂಗಿಸುತ್ತಿರುವಂತೆ. ಈ ಸಮತೋಲನಕ್ಕೆ ಕ್ಯಾನನ್ ಅವರು 1926ರಲ್ಲಿ ಹೋಮಿಯೋಸ್ಟೇಸಿಸ್ ಎಂಬ ಹೊಸ ಹೆಸರನ್ನಿಟ್ಟರು. ಕನ್ನಡದಲ್ಲಿ ಸಮಸ್ಥಿತಿ ಎನ್ನಬಹುದು. ನಿಶ್ಚಲ ಸ್ಥಿತಿಯೆಂದು ಇದರ ಅರ್ಥವಲ್ಲ. ಸತತವಾಗಿ ಓಲಾಡುತ್ತಲೇ ಮಿತಿ ಮೀರದಿರುವ ಸ್ಥಿತಿ. 1932ರಲ್ಲಿ ಸಾಮಾನ್ಯ ಓದುಗರಿಗಾಗಿ ಅವರು ಬರೆದ ಗ್ರಂಥದ ಹೆಸರಿನ ಅರ್ಥ ದೇಹದ ವಿವೇಕ ಎಂದು.

ಅವರ ಪ್ರಯೋಗಾಲಯದಲ್ಲಿ ಸಿಂಪಥೆಟಿಕ್ ನರವ್ಯೂಹವನ್ನು ತೆಗೆದುಹಾಕಿದ ಬೆಕ್ಕುಗಳಿದ್ದವು. ಭಯದ ಸಂದೇಶವನ್ನು ಅಂಗಾಂಗಗಳಿಗೆ ಮುಟ್ಟಿಸುವ ನರಗಳು ಇವೇ. ಅವುಗಳಿಲ್ಲದ ಬೆಕ್ಕುಗಳು ಬೆಚ್ಚಗಿನ ಕೊಠಡಿಯಲ್ಲಿ, ಹೊತ್ತಿಗೆ ಸರಿಯಾಗಿ ಆಹಾರ ದೊರೆಯುವಷ್ಟು ದಿನ ಚೆನ್ನಾಗಿಯೇ ಬದುಕಿದವು. ಆದರೆ ನಾಯಿ ಬೊಗಳಿದರೆ ಅವುಗಳ ರಕ್ತದ ಸಕ್ಕರೆ ಏರಲಿಲ್ಲ. ಚಳಿಗೆ ಕೂದಲು ನಿಮಿರಲಿಲ್ಲ. ಹೊರಗಿನ ಪ್ರಪಂಚದ ಏರಿಳಿತವನ್ನು ಎದುರಿಸುವ ಬಲ ಅವುಗಳಿಗಿರಲಿಲ್ಲ. ಭಯವೇ ಇಲ್ಲದ ಮೈ ಕೂಡ ಪೂರ್ಣವಲ್ಲ ಎಂಬುದನ್ನು ಇದು ಕಲಿಸುತ್ತದೆ.

ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಿ ಜಗತ್ಪ್ರಸಿದ್ಧರಾಗಿದ್ದ ರಷ್ಯದ ಪಾವ್ಲೋವ್ ಅವರು ಕ್ಯಾನನ್ ಅವರ ಆಪ್ತ ಮಿತ್ರರು. 1929ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಬಂದಾಗ ಕ್ಯಾನನ್ ದಂಪತಿಗಳು ಅವರನ್ನು ಸತ್ಕರಿಸಿದರು. 1935ರಲ್ಲಿ ಲೆನಿನ್‌ಗ್ರಾಡಿನ ಸಮ್ಮೇಳನಕ್ಕೆ ಕ್ಯಾನನ್ ಅವರು ಹೋದರು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಹಲವು ಬಾರಿ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. ಅದರಿಂದ ಅವರ ಕೆಲಸ ನಿಲ್ಲಲೂ ಇಲ್ಲ.

ಕೊನೆಯ ವರ್ಷಗಳು

ನಿವೃತ್ತರಾದ 1942ರಲ್ಲಿಯೇ ಅವರು ಒಂದು ವಿಚಿತ್ರ ವಿಷಯದ ಮೇಲೆ ಲೇಖನವನ್ನು ಪ್ರಕಟಿಸಿದರು. ಮಾಟಕ್ಕೆ ಗುರಿಯಾದೆನೆಂದು ನಂಬಿದವನು ಯಾವ ರೋಗವೂ ಗಾಯವೂ ಇಲ್ಲದೆ ಕೆಲವೇ ದಿನಗಳಲ್ಲಿ ಸಾಯುವನೆಂಬ ವರದಿಗಳು ನಾನಾ ಖಂಡಗಳಿಂದ ಬಂದಿದ್ದವು. ನಗಬಹುದಾದ ವಿಷಯವೆಂದು ಅವರು ತಳ್ಳಿಹಾಕಲಿಲ್ಲ. ಮಾಟಕ್ಕೆ ಶಕ್ತಿಯಿದೆ ಎಂದೂ ಹೇಳಲಿಲ್ಲ. ಬಂಧುಬಳಗವೆಲ್ಲ ಕೈಬಿಟ್ಟು, ತಾನು ಸತ್ತೇ ಹೋದೆನೆಂದು ನಂಬಿ, ಅನ್ನ ನೀರು ಬಿಟ್ಟು ಕುಳಿತವನ ಮೈಯಲ್ಲಿ ಭಯದ ನರವ್ಯೂಹವು ಬಿಡುವಿಲ್ಲದೆ ದುಡಿದು ಕೊನೆಗೆ ರಕ್ತದ ಒತ್ತಡವೇ ಕುಸಿಯಬಹುದೆಂದು ಅವರು ಊಹಿಸಿದರು. ಕೃತ್ರಿಮ ಮಾಡಿಸಿದ್ದಾರೆಂಬ ಮಾತನ್ನು ನಾವೂ ಊರಿನಲ್ಲಿ ಕೇಳುತ್ತ ಬೆಳೆದವರು. ಕೊಲ್ಲುವುದು ಮಾಟವಲ್ಲ, ಅದರ ಭಯ ಮತ್ತು ಒಂಟಿತನ ಎಂಬ ಅವರ ವಿವರಣೆ ನನಗೆ ಬಹಳ ಹಿಡಿಸಿತು.

ಆ ವೇಳೆಗೆ ಅವರ ಸ್ವಂತ ಮೈ ಸೋಲತೊಡಗಿತ್ತು. ಯೌವನದಲ್ಲಿ ಬೆಕ್ಕಿನ ಹೊಟ್ಟೆಯ ಅಲೆಗಳನ್ನು ನೋಡುತ್ತ ಕ್ಷ-ಕಿರಣಗಳ ಎದುರು ಕಳೆದ ಗಂಟೆಗಳೆಷ್ಟೋ! ಅವುಗಳ ಅಪಾಯವು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ದಶಕಗಳ ಬಳಿಕ ಅಸಾಧ್ಯವಾದ ತುರಿಕೆಯ ಚರ್ಮವ್ಯಾಧಿಯೊಂದು ಅವರನ್ನು ಹಿಡಿಯಿತು. ಅದು ಕ್ಯಾನ್ಸರಿನ ಒಂದು ಬಗೆಯೆಂದೂ, ಆ ಕಿರಣಗಳೇ ಅದಕ್ಕೆ ಕಾರಣವೆಂದೂ ತಿಳಿಯಲಾಗಿದೆ. ತುರಿಕೆಯಿಂದ ರಾತ್ರಿ ನಿದ್ರೆಯಿಲ್ಲದಿದ್ದರೂ ಅವರು ಬರವಣಿಗೆ ಬಿಡಲಿಲ್ಲ. 1945ರಲ್ಲಿ ಸಂಶೋಧಕನ ದಾರಿಯನ್ನು ಕುರಿತ ಅವರ ಆತ್ಮವೃತ್ತಾಂತ ಪ್ರಕಟವಾಯಿತು. ಅದೇ ವರ್ಷ ಅಕ್ಟೋಬರ್ 1ರಂದು, ಎಪ್ಪತ್ತನಾಲ್ಕು ತುಂಬಲು ಕೆಲವೇ ದಿನಗಳಿರುವಾಗ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫ್ರಾಂಕ್ಲಿನ್ ಎಂಬಲ್ಲಿ ಅವರು ಕೊನೆಯುಸಿರೆಳೆದರು.

ನಮಗೆ ಉಳಿದ ಪಾಠ

ಕ್ಯಾನನ್ ಅವರು ಮುಖ್ಯವಾಗಿ ನೋಡಿದ್ದು ಕ್ಷಣಿಕ ಭಯವನ್ನು. ದೀರ್ಘಕಾಲ ಉಳಿಯುವ ಒತ್ತಡದ ಕಥೆಯನ್ನು ಮುಂದುವರಿಸಿದವರು ಕೆನಡಾದ ಮಾಂಟ್ರಿಯಲ್ಲಿನಲ್ಲಿದ್ದ ಹಾನ್ಸ್ ಸೆಲ್ಯೆ. 1936ರಲ್ಲಿ ಪ್ರಕಟವಾದ ಅವರ ಸಂಶೋಧನೆಯ ತರುವಾಯ, ಅಡ್ರಿನಲ್ ಗ್ರಂಥಿಯ ಹೊರಭಾಗದ ರಸಗಳೂ ಒತ್ತಡದಲ್ಲಿ ಪಾಲುಗೊಳ್ಳುವುದು ತಿಳಿದುಬಂದಿತು. ಅವುಗಳಲ್ಲಿ ಪ್ರಮುಖವಾದ ಕಾರ್ಟಿಸೋಲ್ ಬಹುಕಾಲ ಮಿತಿಮೀರಿ ಇದ್ದರೆ ಪಿತ್ತಜನಕಾಂಗವು ಸಕ್ಕರೆಯನ್ನು ಹೆಚ್ಚು ಹೊರಬಿಡುತ್ತದೆ. ಇನ್ಸುಲಿನ್‌ನ ಪ್ರಭಾವ ಕುಗ್ಗುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಮಧುಮೇಹಕ್ಕೆ ಒತ್ತಡವೊಂದೇ ಕಾರಣವಲ್ಲ. ವಂಶ, ಆಹಾರ, ತೂಕ, ಮೈ ಬಳಸದ ದಿನಚರಿ, ವಯಸ್ಸು ಎಲ್ಲವೂ ಸೇರುತ್ತವೆ. ಆದರೆ ಇರುವ ಕಾಯಿಲೆಯನ್ನು ಕಳವಳವು ಕೆರಳಿಸುವುದನ್ನು ರಕ್ತ ಪರೀಕ್ಷಿಸಿಕೊಳ್ಳುವ ನನ್ನಂಥವರು ಸ್ವತಃ ಬಲ್ಲರು. ಮೊಮ್ಮಗಳ ಜ್ವರ ಇಳಿಯದಿದ್ದ ವಾರದಲ್ಲಿ, ಊಟದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲದಿದ್ದರೂ ನನ್ನ ಸಕ್ಕರೆ ಏರಿತ್ತು.

ಕಾಡಿನ ಪ್ರಾಣಿಯು ಓಡಿಯೋ ಹೋರಾಡಿಯೋ ಆ ಸಕ್ಕರೆಯನ್ನು ಉರಿಸಿಬಿಡುತ್ತದೆ. ನಾವಾದರೋ ಸಾಲದ ನೋಟೀಸನ್ನು ಹಿಡಿದು ಕುರ್ಚಿಯಲ್ಲಿಯೇ ಕುಳಿತಿರುತ್ತೇವೆ. ದೂರದೂರಿನಲ್ಲಿ ದುಡಿಯುವ ನಮ್ಮ ಹಳೆ ವಿದ್ಯಾರ್ಥಿಗಳು ಮೇಲಧಿಕಾರಿಯ ಮಾತು ಕೇಳಿ ಮೇಜಿನ ಮುಂದೆಯೇ ಕೂತಿರುತ್ತಾರೆ. ಓಡಲೆಂದು ಸಿದ್ಧವಾದ ಮೈ ಓಡುವುದಿಲ್ಲ. ನಿತ್ಯ ಅರ್ಧ ಗಂಟೆ ನಡೆಯಿರಿ ಎಂದು ವೈದ್ಯರು ಹೇಳುವುದರ ಹಿಂದೆ ಈ ತರ್ಕವೂ ಇದೆ. ದುಡಿಯುವ ಸ್ನಾಯುವು ಇನ್ಸುಲಿನ್‌ನ ನೆರವಿಗೆ ಕಾಯದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲುದು.

ಇನ್ನೊಂದು ಮಾತು ಶಾಲೆಗೆ ಸಂಬಂಧಿಸಿದ್ದು. ಹೆದರಿಸದೆ ಮಕ್ಕಳು ಕಲಿಯಲಾರರೆಂಬ ನಂಬಿಕೆ ಹಿಂದಿನಿಂದ ಬಂದುದು. ಈಗಲೂ ಪೂರ್ಣವಾಗಿ ಹೋಗಿಲ್ಲ. ಬೆತ್ತ ಮಾಯವಾದರೂ ಅಂಕಗಳ ಬೆದರಿಕೆ ಮನೆಗಳಲ್ಲಿ ಉಳಿದಿದೆ. ಗದರಿಸಿದವನು ಮಗುವಿನ ಕಿವಿಗೆ ಮಾತ್ರ ಮಾತು ಮುಟ್ಟಿಸಿದೆನೆಂದು ತಿಳಿದಿರುತ್ತಾನೆ. ಅವನ ಮಾತು ಆ ಮಗುವಿನ ಜಠರವನ್ನೂ ಹೃದಯವನ್ನೂ ಪಿತ್ತಜನಕಾಂಗವನ್ನೂ ಮುಟ್ಟಿರುತ್ತದೆ ಎಂಬುದನ್ನು ಕ್ಯಾನನ್ ಅವರು ಲೆಕ್ಕವಿಟ್ಟು ತೋರಿಸಿದ್ದಾರೆ. ಸಮಾಧಾನದ ಮಾತು ಮುಟ್ಟುವುದೂ ಅಲ್ಲಿಗೇ. ತಲೆ ಸವರಿದಾಗ ಬೆಕ್ಕಿನ ಹೊಟ್ಟೆಯ ಅಲೆಗಳು ಮರಳಿ ಎದ್ದುದನ್ನು ನೆನೆಯಿರಿ.

ಶಾಲೆ ಬಿಟ್ಟು ರೈಲ್ವೆ ಕಚೇರಿ ಸೇರಿದ್ದ ಹುಡುಗನೊಬ್ಬನನ್ನು ಅಧ್ಯಾಪಿಕೆಯೊಬ್ಬರು ಬೆದರಿಕೆಯಿಂದಲ್ಲ, ಭರವಸೆಯಿಂದ ಹಾರ್ವರ್ಡಿಗೆ ಕಳುಹಿಸಿದರು. ಅಂಥ ಅಧ್ಯಾಪಕ ಅಧ್ಯಾಪಿಕೆಯರು ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಗೂ ಅನೇಕರು ದೊರೆತಿದ್ದಾರೆ. ಅವರ ಹೆಸರುಗಳನ್ನು ಹಳೆ ವಿದ್ಯಾರ್ಥಿಗಳೇ ನೆನೆದುಕೊಳ್ಳಬಲ್ಲರು. ಮುಂದೆಯೂ ಅಂಥವರು ದೊರೆಯಲಿ, ಈ ಕನ್ನಡ ಶಾಲೆಯು ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.